ಕ್ಯಾಲಿಫೋರ್ನಿಯಾದ ಮನೆಪತ್ರಕ್ಕೆ ಸಂಗಾತಿಯ ಹೆಸರು: ಡೀಡ್ ಬರೆಯುವುದರಿಂದ ಕೌಂಟಿಯಲ್ಲಿ ದಾಖಲಾಗುವವರೆಗೆ

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಳ್ಳುವಾಗ ಡೀಡಿನ, ಅಂದರೆ ಒಡೆತನ ವರ್ಗಾಯಿಸುವ ಪತ್ರದ, ಗೊಡವೆ ಕೊಳ್ಳುವವರಿಗೆ ಬರುವುದೇ ಇಲ್ಲ. ಮಾರುವವರು, ಕೊಳ್ಳುವವರ ನಡುವೆ ಹಣ ಮತ್ತು ಪತ್ರ ಹಿಡಿದಿಡುವ ಎಸ್ಕ್ರೋ ಕಚೇರಿಯಲ್ಲಿ ಕೂತು, ತೋರಿಸಿದ ಕಡೆಯೆಲ್ಲ ಸಹಿ ಹಾಕಿ ಎದ್ದು ಬಂದರೆ ಮುಗಿಯಿತು. ಪತ್ರ ಬರೆಯುವುದು, ತೆರಿಗೆ ಲೆಕ್ಕ ಹಾಕುವುದು, ಕೌಂಟಿಗೆ ಕಳಿಸುವುದು ಎಲ್ಲವನ್ನೂ ಒಡೆತನದ ದಾಖಲೆ ಪರಿಶೀಲಿಸಿ ಅದಕ್ಕೆ ವಿಮೆ ಕೊಡುವ ಟೈಟಲ್ ಕಂಪನಿಯೇ ನೋಡಿಕೊಳ್ಳುತ್ತದೆ. ಕೆಲವು ವಾರ ಬಿಟ್ಟು ಅಂಚೆಯಲ್ಲಿ ಬಂದ ಪತ್ರ ಫೈಲಿಗೆ ಸೇರಿ ಅಲ್ಲೇ ಉಳಿಯುತ್ತದೆ. ಅದನ್ನು ಹೊರಗೆ ತೆಗೆಯಬೇಕಾಗುವುದು ವರ್ಷಗಳ ನಂತರ: ಒಬ್ಬರ ಹೆಸರಿನಲ್ಲೇ ಇರುವ ಮನೆಗೆ ಗಂಡನ ಅಥವಾ ಹೆಂಡತಿಯ ಹೆಸರು ಸೇರಿಸಬೇಕು, ಅಥವಾ ತಮ್ಮ ನಂತರ ಆಸ್ತಿ ಕೋರ್ಟಿಗೆ ಹೋಗದೆ ಮನೆಯವರಿಗೆ ಸೇರಲೆಂದು ಫ್ಯಾಮಿಲಿ ಟ್ರಸ್ಟ್ ಮಾಡಿಸಿ ಮನೆಯನ್ನು ಅದಕ್ಕೆ ವರ್ಗಾಯಿಸಬೇಕು. ಆಗ ಟೈಟಲ್ ಕಂಪನಿ ಜೊತೆಗಿರುವುದಿಲ್ಲ. ಕೆಲಸ ಪೂರ್ತಿ ನಿಮ್ಮದು.

ಕರ್ನಾಟಕದಿಂದ ಬಂದವರು ಇಲ್ಲಿ ಒಂದು ವಿಷಯವನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಊರಿನಲ್ಲಿ ಬರೆದುಕೊಡುವವರು, ಬರೆಸಿಕೊಳ್ಳುವವರು, ಸಾಕ್ಷಿಗಳು ಸಬ್ ರಿಜಿಸ್ಟ್ರಾರ್ ಮುಂದೆ ಹಾಜರಾಗಬೇಕು. ಫೋಟೊ, ಹೆಬ್ಬೆಟ್ಟು ಆಗಬೇಕು. ನೋಂದಣಿ ಆಗದ ಕ್ರಯಪತ್ರಕ್ಕೆ ಬೆಲೆಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪತ್ರ ದಾಖಲಿಸುವ ಕೌಂಟಿ ಅಧಿಕಾರಿಯಾದ ರೆಕಾರ್ಡರ್ ಮುಂದೆ ಯಾರೂ ಹಾಜರಾಗಬೇಕಿಲ್ಲ, ಅಂಚೆಯಲ್ಲಿ ಕಳಿಸಿದರೂ ನಡೆಯುತ್ತದೆ. ಪತ್ರದ ನಮೂನೆ ಸರಿಯಿದೆಯೇ, ನೋಟರಿ ಆಗಿದೆಯೇ, ಶುಲ್ಕ ಬಂದಿದೆಯೇ ಎಂದಷ್ಟೇ ಅವರು ನೋಡುತ್ತಾರೆ. ಒಳಗೆ ಬರೆದಿರುವುದು ಕಾನೂನಿನಲ್ಲಿ ನಿಲ್ಲುತ್ತದೆಯೇ ಎಂದು ತೂಗಿ ನೋಡುವ ಅಧಿಕಾರ ಅವರಿಗಿಲ್ಲ. ತಪ್ಪು ಪತ್ರವೂ ಅಷ್ಟೇ ಸಲೀಸಾಗಿ ದಾಖಲಾಗಿ, ಅಷ್ಟೇ ಅಂದವಾದ ಮೊಹರು ಹೊತ್ತು ಮನೆಗೆ ಬರುತ್ತದೆ. ಮೊಹರು ಬಿತ್ತೆಂದರೆ ಎಲ್ಲ ಸರಿಯಾಯಿತು ಎಂದು ನಂಬಬೇಡಿ. ಪರಿಶೀಲನೆ ಏನಿದ್ದರೂ ಕೌಂಟರಿಗೆ ಹೋಗುವ ಮುಂಚೆ, ನಿಮ್ಮ ಮೇಜಿನ ಮೇಲೆಯೇ ಆಗಬೇಕು. ಈ ಬರಹದ ಹೆಚ್ಚಿನ ಭಾಗ ಅದಕ್ಕಾಗಿಯೇ ಇದೆ.

ಕೆಳಗಿನದೆಲ್ಲ ಕ್ಯಾಲಿಫೋರ್ನಿಯಾದ ಕ್ರಮ. ಬೇರೆ ರಾಜ್ಯಗಳಲ್ಲಿ ಒಡೆತನದ ಬಗೆ, ತೆರಿಗೆ, ನಮೂನೆ ಎಲ್ಲ ಬೇರೆ.

ಯಾವ ಕೌಂಟಿ

ಮನೆ ಎಲ್ಲಿದೆಯೋ ಆ ಕೌಂಟಿಯಲ್ಲೇ ದಾಖಲಾಗಬೇಕು, ನೀವು ಈಗ ಎಲ್ಲಿದ್ದೀರಿ ಎಂಬುದು ಲೆಕ್ಕಕ್ಕಿಲ್ಲ. ರಾಜ್ಯದಲ್ಲಿ 58 ಕೌಂಟಿಗಳಿವೆ. ಸನ್ನಿವೇಲ್, ಕುಪರ್ಟಿನೊ, ಮಿಲ್ಪಿಟಸ್ ಮನೆಗಳು ಸ್ಯಾಂಟಾ ಕ್ಲಾರಾ ಕೌಂಟಿಗೆ ಸೇರಿದವು. ಅದರ ಕ್ಲರ್ಕ್-ರೆಕಾರ್ಡರ್ ಕಚೇರಿ ಸ್ಯಾನ್ ಹೋಸೆಯಲ್ಲಿದೆ. ಫ್ರೀಮಾಂಟ್ ಮತ್ತು ಡಬ್ಲಿನ್ ಅಲಮೀಡಾ ಕೌಂಟಿಗೆ. ಡಬ್ಲಿನ್ ಪಕ್ಕದಲ್ಲೇ ಇರುವ ಸ್ಯಾನ್ ರಮೋನ್ ಮಾತ್ರ ಕಾಂಟ್ರಾ ಕೋಸ್ಟಾ ಕೌಂಟಿ, ಅದರ ಕಚೇರಿ ಮಾರ್ಟಿನೆಜ್‌ನಲ್ಲಿ. ಅನುಮಾನ ಬಂದರೆ ಆಸ್ತಿ ತೆರಿಗೆಯ ಬಿಲ್ ತೆಗೆದು ನೋಡಿ, ಮೇಲ್ಗಡೆಯೇ ಕೌಂಟಿಯ ಹೆಸರಿರುತ್ತದೆ.

ಹಳೆಯ ಡೀಡ್ ಮುಂದಿಟ್ಟುಕೊಳ್ಳಿ

ಮನೆ ಕೊಂಡಾಗಿನ ಫೈಲಿನಲ್ಲಿ ಎರಡು ಪತ್ರಗಳು ನೋಡುವುದಕ್ಕೆ ಒಂದೇ ರೀತಿ ಇರುತ್ತವೆ. ಗ್ರಾಂಟ್ ಡೀಡ್ ಎಂದರೆ ನಿಮಗೆ ಮನೆ ಬಂದ ಪತ್ರ, ಒಂದೆರಡು ಪುಟದ್ದು. ಡೀಡ್ ಆಫ್ ಟ್ರಸ್ಟ್ ಎಂದರೆ ಸಾಲಕ್ಕೆ ಮನೆಯನ್ನು ಒತ್ತೆ ಇಟ್ಟ ಪತ್ರ, ದಪ್ಪ ಕಂತೆ. ಹೆಸರಿನಲ್ಲಿ ಟ್ರಸ್ಟ್ ಇದೆಯೆಂದು ಅದನ್ನೇ ಫ್ಯಾಮಿಲಿ ಟ್ರಸ್ಟಿನ ಪತ್ರವೆಂದು ತಿಳಿದವರಿದ್ದಾರೆ. ನಿಮಗೆ ಬೇಕಾದದ್ದು ಗ್ರಾಂಟ್ ಡೀಡ್. ಸಿಗದಿದ್ದರೆ ಕೌಂಟಿಯ ಸೂಚಿಯಲ್ಲಿ ನಿಮ್ಮ ಹೆಸರು ಹುಡುಕಿ, ದಾಖಲೆ ಸಂಖ್ಯೆ ಹಿಡಿದು ಪ್ರತಿ ತರಿಸಿಕೊಳ್ಳಿ. ಖರ್ಚು ಕೆಲವು ಡಾಲರ್ ಅಷ್ಟೆ.

ಆ ಪತ್ರದಲ್ಲಿ ಮೊದಲು ನೋಡಬೇಕಾದದ್ದು ಮನೆ ಈಗ ಯಾರ ಹೆಸರಿನಲ್ಲಿ, ಯಾವ ಮಾತಿನಲ್ಲಿ ಇದೆ ಎಂಬುದು. ನಮ್ಮ ಜನರಲ್ಲಿ ಪದೇ ಪದೇ ಕಾಣುವ ಸಂಗತಿಯೊಂದಿದೆ. ಸಾಲಕ್ಕೆ ಅರ್ಜಿ ಹಾಕಿದಾಗ ಒಬ್ಬರಿಗೆ ಮಾತ್ರ ಸಂಬಳವಿತ್ತು. ಇನ್ನೊಬ್ಬರು ಎಚ್-4 ಎಂಬ ಅವಲಂಬಿತರ ವೀಸಾದ ಮೇಲೆ ಮನೆಯಲ್ಲಿದ್ದರು, ಅಥವಾ ಇನ್ನೂ ಊರಿನಲ್ಲೇ ಇದ್ದರು. ಮನೆ ಒಬ್ಬರ ಹೆಸರಿಗೆ ಆಯಿತು. ಅದೇ ಹೊತ್ತಿಗೆ ಇನ್ನೊಬ್ಬರಿಂದ ಇಂಟರ್‌ಸ್ಪೌಸಲ್ ಟ್ರಾನ್ಸ್‌ಫರ್ ಡೀಡ್ ಎಂಬ ಒಂದು ಪುಟಕ್ಕೆ ಸಹಿ ಹಾಕಿಸಿಕೊಂಡರು. ಬ್ಯಾಂಕಿನವರ ಇನ್ನೊಂದು ಕಾಗದ ಎಂದುಕೊಂಡು ಸಹಿ ಹಾಕಿ ಮರೆತೂ ಆಯಿತು.

ಆ ಪುಟದಲ್ಲಿ ಸಾಮಾನ್ಯವಾಗಿ ಬರೆದಿರುವುದು ಇಷ್ಟು: ಈ ಮನೆ ನನ್ನ ಸಂಗಾತಿಯ ಸ್ವಂತ, ಪ್ರತ್ಯೇಕ ಆಸ್ತಿ, ನನಗೆ ಇದರಲ್ಲಿ ಇರಬಹುದಾದ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ. ಕ್ಯಾಲಿಫೋರ್ನಿಯಾದಲ್ಲಿ ಮದುವೆಯ ನಂತರದ ದುಡಿಮೆಯಿಂದ ಕೊಂಡದ್ದು ಗಂಡಹೆಂಡತಿ ಇಬ್ಬರಿಗೂ ಸಮ ಎಂಬುದು ಮೂಲ ನಿಯಮ. ಆ ನಿಯಮದಿಂದ ಮನೆಯನ್ನು ಆಚೆಗೆ ತರುವ ಪತ್ರ ಅದು. ಕಂತು ಕಟ್ಟಿದ್ದು ಯಾರ ಸಂಬಳದಿಂದ ಎಂಬ ಲೆಕ್ಕ ಬೇರೆ ಇದೆ, ಅದು ವಕೀಲರ ಮುಂದೆ ಇಡಬೇಕಾದ ವಿಷಯ. ಆದರೆ ಮನೆಯಲ್ಲಿ ಇದ್ದು ಮಕ್ಕಳನ್ನು ಸಾಕಿದವರು ತಮ್ಮ ಹೆಸರಿಲ್ಲದ ಮನೆಯಲ್ಲಿ ಇದ್ದೇವೆಂಬುದನ್ನು ತಿಳಿದಿರಬೇಕು, ತಿಳಿದ ಮೇಲೆ ಸರಿಪಡಿಸಿಕೊಳ್ಳಬೇಕು. ಈ ಕೆಲಸವನ್ನು ಮುಂದಕ್ಕೆ ಹಾಕುತ್ತಾ ಹೋಗಬೇಡಿ ಎಂದು ನಾನು ಪರಿಚಯದವರಿಗೆಲ್ಲ ಹೇಳುವುದು ಇದೇ ಕಾರಣಕ್ಕೆ.

ಒಡೆತನದ ಮಾತು ಯಾವುದಿರಬೇಕು

ಡೀಡಿನ ಬಗೆ ಆಯ್ದುಕೊಳ್ಳುವುದು ಸುಲಭ. ಕ್ವಿಟ್‌ಕ್ಲೇಮ್ ಡೀಡ್ ಊರಿನ ಹಕ್ಕು ಬಿಡುಗಡೆ ಪತ್ರದ ಥರ. ನನಗೇನಾದರೂ ಹಕ್ಕಿದ್ದರೆ ಬಿಟ್ಟೆ ಎನ್ನುತ್ತದೆ, ಹಕ್ಕು ಇದೆ ಎಂದು ಭರವಸೆ ಕೊಡುವುದಿಲ್ಲ. ಗ್ರಾಂಟ್ ಡೀಡಿನಲ್ಲಿ, ಇದನ್ನು ಮೊದಲೇ ಬೇರೆಯವರಿಗೆ ಕೊಟ್ಟಿಲ್ಲ, ನಾನು ಹೇಳದ ಋಣಭಾರವನ್ನು ನಾನು ಇದರ ಮೇಲೆ ಹೊರಿಸಿಲ್ಲ ಎಂಬ ಭರವಸೆ ಅಡಗಿದೆ. ಸಂಗಾತಿಯ ಹೆಸರು ಸೇರಿಸಲಿಕ್ಕೆ, ಟ್ರಸ್ಟಿಗೆ ಹಾಕಲಿಕ್ಕೆ ಗ್ರಾಂಟ್ ಡೀಡೇ ಒಳ್ಳೆಯದು.

ನಿಜವಾಗಿ ಯೋಚಿಸಬೇಕಾದದ್ದು ಇಬ್ಬರ ಹೆಸರಿನ ಮುಂದೆ ಬರುವ ಅರ್ಧ ಸಾಲು. ಜಾಯಿಂಟ್ ಟೆನೆಂಟ್ಸ್ ಎಂದು ಬರೆದರೆ ಒಬ್ಬರು ತೀರಿಕೊಂಡಾಗ ಅವರ ಪಾಲು ಇನ್ನೊಬ್ಬರಿಗೆ ತಾನಾಗಿ ಹೋಗುತ್ತದೆ. ಟೆನೆಂಟ್ಸ್ ಇನ್ ಕಾಮನ್ ಎಂದರೆ ಹಾಗಾಗದು, ಸತ್ತವರ ಪಾಲು ಅವರ ವಾರಸುದಾರರಿಗೆ. ಮೂರನೆಯದು ಕಮ್ಯುನಿಟಿ ಪ್ರಾಪರ್ಟಿ ವಿತ್ ರೈಟ್ ಆಫ್ ಸರ್ವೈವರ್‌ಶಿಪ್. ಇದು 2001ರ ಜುಲೈ 1ರಿಂದ ಜಾರಿಯಲ್ಲಿದೆ. ಸತ್ತವರ ಆಸ್ತಿ ಇತ್ಯರ್ಥ ಮಾಡುವ ಪ್ರೊಬೇಟ್ ಕೋರ್ಟಿಗೆ ಹೋಗದೆ ಉಳಿದವರಿಗೆ ಮನೆ ದಕ್ಕುವುದು ಇದರಲ್ಲೂ ಉಂಟು, ಜೊತೆಗೆ ತೆರಿಗೆಯಲ್ಲಿ ದೊಡ್ಡ ಅನುಕೂಲವೂ ಉಂಟು.

ಅನುಕೂಲ ಎಷ್ಟೆಂಬುದನ್ನು ಒಂದು ಲೆಕ್ಕದಲ್ಲಿ ನೋಡಿ. 8 ಲಕ್ಷ ಡಾಲರಿಗೆ ಕೊಂಡ ಮನೆ, ಒಬ್ಬರು ತೀರಿಕೊಂಡ ದಿನ 20 ಲಕ್ಷ ಬಾಳುತ್ತದೆ ಎನ್ನಿ. ಜಾಯಿಂಟ್ ಟೆನೆನ್ಸಿ ಆಗಿದ್ದರೆ ಮಾರಿದಾಗ ಲಾಭ ಎಣಿಸಲು ಸತ್ತವರ ಅರ್ಧಕ್ಕೆ ಮಾತ್ರ ಹೊಸ ಬೆಲೆ ಬರುತ್ತದೆ, ಅಂದರೆ 10 ಲಕ್ಷ. ಉಳಿದವರ ಅರ್ಧ ಹಳೆಯ 4 ಲಕ್ಷದಲ್ಲೇ ಇರುತ್ತದೆ. ಮನೆ ಮಾರಿದರೆ 6 ಲಕ್ಷ ಲಾಭವೆಂದು ಲೆಕ್ಕ. ಕಮ್ಯುನಿಟಿ ಪ್ರಾಪರ್ಟಿ ಆಗಿದ್ದರೆ ಎರಡೂ ಅರ್ಧಗಳಿಗೆ ಹೊಸ ಬೆಲೆ, ಲಾಭದ ಲೆಕ್ಕ ಸೊನ್ನೆಯಿಂದ ಶುರು. ಬಹುಪಾಲು ದಂಪತಿಗಳಿಗೆ ಹೊಂದುವುದು ಈ ಮೂರನೆಯ ಬಗೆಯೇ ಎಂಬುದು ನನ್ನ ಅಭಿಪ್ರಾಯ. ಆದರೆ ಈ ಮಾತು ಡೀಡಿನಲ್ಲಿ ಬಾಯಿಬಿಟ್ಟು ಇರಬೇಕು. ಪತ್ರದ ಕೆಳಗೆ ಇಬ್ಬರೂ ಇದನ್ನು ಒಪ್ಪಿದ್ದೇವೆ ಎಂದು ಒಂದು ಸಾಲು ಬರೆದು ಸಹಿ ಹಾಕಿದರೆ ಇನ್ನೂ ಗಟ್ಟಿ.

ಬರೆಯುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಸಾಲ ಕೊಟ್ಟ ಬ್ಯಾಂಕ್ ತಕರಾರು ತೆಗೆಯುವುದೇ? ಒಡೆತನ ಬದಲಾದರೆ ಪೂರ್ತಿ ಸಾಲ ಒಮ್ಮೆಲೇ ತೀರಿಸಿ ಎನ್ನುವ ಷರತ್ತು ಬಹುತೇಕ ಎಲ್ಲ ಸಾಲಪತ್ರದಲ್ಲೂ ಇದೆ. ಆದರೆ 1982ರ ಗಾರ್ನ್-ಸೇಂಟ್ ಜರ್ಮೇನ್ ಕಾಯಿದೆಯಂತೆ, ಐದಕ್ಕಿಂತ ಕಡಿಮೆ ಘಟಕಗಳ ವಾಸದ ಮನೆಯಲ್ಲಿ ಸಂಗಾತಿಯೋ ಮಕ್ಕಳೋ ಒಡೆಯರಾದರೆ ಆ ಷರತ್ತನ್ನು ಬಳಸುವಂತಿಲ್ಲ. ಸಾಲ ಪಡೆದವರೇ ಫಲಾನುಭವಿಯಾಗಿ ಉಳಿಯುವ ಟ್ರಸ್ಟಿಗೆ ವರ್ಗಾಯಿಸಿದರೂ ಹಾಗೆಯೇ. ಎಲ್‌ಎಲ್‌ಸಿ ಎಂಬ ಬಗೆಯ ಕಂಪನಿಯ ಹೆಸರಿಗೆ ಹಾಕಿದರೆ ಈ ರಕ್ಷಣೆಯಿಲ್ಲ. ಇನ್ನೊಂದು ಮಾತು: ಡೀಡಿಗೆ ಹೆಸರು ಸೇರಿದ ಮಾತ್ರಕ್ಕೆ ಸಾಲಕ್ಕೆ ಹೆಸರು ಸೇರುವುದಿಲ್ಲ.

ಸಂಗಾತಿ ಅಮೆರಿಕದ ನಾಗರಿಕರೇ? ಇದು ನಮ್ಮವರು ಹೆಚ್ಚಾಗಿ ಕೇಳದೆ ಬಿಡುವ ಪ್ರಶ್ನೆ. ನಾಗರಿಕರಾದ ಸಂಗಾತಿಗೆ ಎಷ್ಟು ಕೊಟ್ಟರೂ ಗಿಫ್ಟ್ ಟ್ಯಾಕ್ಸಿನ ಮಾತಿಲ್ಲ. ಗ್ರೀನ್ ಕಾರ್ಡ್ ಅಥವಾ ವೀಸಾದ ಮೇಲಿದ್ದರೆ ವರ್ಷಕ್ಕೊಂದು ಮಿತಿ ಇದೆ. 2025ರಲ್ಲಿ ಅದು 1,90,000 ಡಾಲರ್. ಬೇ ಏರಿಯಾದ ಮನೆಯ ಅರ್ಧ ಬೆಲೆ ಇದನ್ನು ಸುಲಭವಾಗಿ ದಾಟುತ್ತದೆ. ಮನೆ ಮೊದಲಿನಿಂದಲೂ ಇಬ್ಬರದ್ದೇ ದುಡಿಮೆಯದೋ ಅಲ್ಲವೋ, ಯಾವ ಬಗೆಯ ಒಡೆತನ ಬರೆಯುತ್ತೀರಿ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಈ ಸ್ಥಿತಿಯಲ್ಲಿರುವವರು ಡೀಡಿಗೆ ಸಹಿ ಹಾಕುವ ಮುನ್ನ ತೆರಿಗೆ ಬಲ್ಲವರಿಗೆ ದುಡ್ಡು ಕೊಟ್ಟು ಕೇಳುವುದೇ ಸರಿ.

ಆಸ್ತಿ ತೆರಿಗೆ ಏರುವುದೇ? 1978ರ ಪ್ರೊಪೊಸಿಷನ್ 13ರ ಪ್ರಕಾರ ತೆರಿಗೆಯ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರದು, ಒಡೆತನ ಬದಲಾದಾಗ ಮಾತ್ರ ಮಾರುಕಟ್ಟೆ ಬೆಲೆಗೆ ಹಾರುತ್ತದೆ. ಗಂಡಹೆಂಡತಿ ನಡುವಿನ ವರ್ಗಾವಣೆ, ನಿಮ್ಮದೇ ರದ್ದುಮಾಡಬಹುದಾದ ಟ್ರಸ್ಟಿಗೆ ವರ್ಗಾವಣೆ ಇವಕ್ಕೆ ವಿನಾಯಿತಿ ಇದೆ. ತಮ್ಮನ ಹೆಸರಿಗೆ ಅರ್ಧ ಬರೆದರೆ ಆ ಅರ್ಧಕ್ಕೆ ಹೊಸ ಬೆಲೆ ಕಟ್ಟಬಹುದು.

ಮಕ್ಕಳ ಹೆಸರು ಸೇರಿಸುವ ಆಸೆ ನಮ್ಮಲ್ಲಿ ಬಹಳ. ಊರಿನಲ್ಲಿ ಅದು ರೂಢಿ, ಇಲ್ಲಿ ಮಾತ್ರ ದುಬಾರಿ ಬೀಳಬಹುದು. ಬದುಕಿದ್ದಾಗ ಕೊಟ್ಟ ಪಾಲಿಗೆ ನೀವು ಕೊಂಡ ಹಳೆಯ ಬೆಲೆಯೇ ಅಂಟಿಕೊಂಡು ಹೋಗುತ್ತದೆ, ಸತ್ತ ಮೇಲೆ ಬಂದ ಪಾಲಿಗೆ ಸಿಗುವ ಹೊಸ ಬೆಲೆ ಸಿಗುವುದಿಲ್ಲ. ಮಕ್ಕಳಿಗೆ ಸಾಲ ಕೊಟ್ಟವರೂ ಆ ಪಾಲಿನ ಮೇಲೆ ಕಣ್ಣು ಹಾಕಬಹುದು. 2021ರ ಫೆಬ್ರುವರಿ 16ರಿಂದ ಜಾರಿಗೆ ಬಂದ ಪ್ರೊಪೊಸಿಷನ್ 19ರ ನಂತರ ಹೆತ್ತವರಿಂದ ಮಕ್ಕಳಿಗೆ ಹಳೆಯ ತೆರಿಗೆ ಮೌಲ್ಯ ಮುಂದುವರಿಯುವುದು ಮುಖ್ಯವಾಗಿ ವಾಸದ ಮನೆಗೆ, ಅದೂ ಮಗನೋ ಮಗಳೋ ವರ್ಷದೊಳಗೆ ಅಲ್ಲಿ ಬಂದು ವಾಸವಿದ್ದರೆ, ಅದಕ್ಕೂ ಒಂದು ಮಿತಿಯವರೆಗೆ. ಮಕ್ಕಳಿಗೆಂದಾದರೆ ಟ್ರಸ್ಟಿನ ದಾರಿ ಹಿಡಿಯಿರಿ.

ಕಡೆಯದಾಗಿ, ನಿಮ್ಮ ಟೈಟಲ್ ವಿಮೆ ಕೊಟ್ಟ ಕಂಪನಿಗೆ ಒಂದು ಫೋನ್ ಮಾಡಿ, ಹೆಸರು ಬದಲಾದರೂ ಪಾಲಿಸಿ ಊರ್ಜಿತವಾಗಿರುತ್ತದೆಯೇ ಎಂದು ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ.

ಪತ್ರ ತುಂಬುವುದು

ಖಾಲಿ ನಮೂನೆ ಪುಕ್ಕಟೆ ಸಿಗುತ್ತದೆ. ಸ್ಯಾಕ್ರಮೆಂಟೊ ಕೌಂಟಿಯ ಸಾರ್ವಜನಿಕ ಕಾನೂನು ಗ್ರಂಥಾಲಯದ ಜಾಲತಾಣದಲ್ಲಿ ನಮೂನೆಗಳ ಜೊತೆಗೆ ತುಂಬುವ ವಿವರಣೆಯೂ ಇದೆ. ಎಂಟೂವರೆಗೆ ಹನ್ನೊಂದು ಇಂಚಿನ ಹಾಳೆ, ಒಂದೇ ಮಗ್ಗುಲಲ್ಲಿ ಕಪ್ಪು ಮಸಿಯ ಮುದ್ರಣ, ಬದಿಗಳಲ್ಲಿ ಅರ್ಧ ಇಂಚು ಖಾಲಿ.

ಮೊದಲ ಪುಟದ ಮೇಲಿನ ಎರಡೂವರೆ ಇಂಚು ಕೌಂಟಿಗೆ ಮೀಸಲು. ಅದರಲ್ಲಿ ಎಡಗಡೆಯ ಮೂರೂವರೆ ಇಂಚಿನಲ್ಲಿ ಮಾತ್ರ ನೀವು ಬರೆಯಬೇಕು: ದಾಖಲಿಸಲು ಕೋರಿದವರ ಹೆಸರು, ದಾಖಲಾದ ಪತ್ರ ಯಾವ ವಿಳಾಸಕ್ಕೆ ಮರಳಬೇಕು, ತೆರಿಗೆಯ ಬಿಲ್ ಎಲ್ಲಿಗೆ ಬರಬೇಕು. ಬಲಗಡೆ ಮೊಹರಿನ ಜಾಗ, ಅಲ್ಲೊಂದು ಚುಕ್ಕೆಯೂ ಬೇಡ. ಅದರ ಕೆಳಗೆ ಪತ್ರದ ಶೀರ್ಷಿಕೆ, ತೆರಿಗೆ ಲೆಕ್ಕಕ್ಕಾಗಿ ಆಸ್ತಿಗೆ ಕೊಟ್ಟಿರುವ ಎ.ಪಿ.ಎನ್. ಎಂಬ ಪಾರ್ಸೆಲ್ ಸಂಖ್ಯೆ.

ನಂತರ ಡಾಕ್ಯುಮೆಂಟರಿ ಟ್ರಾನ್ಸ್‌ಫರ್ ಟ್ಯಾಕ್ಸಿನ ಸಾಲು. ಕೌಂಟಿಯ ದರ 500 ಡಾಲರಿಗೆ 55 ಸೆಂಟ್, ಅಂದರೆ 15 ಲಕ್ಷ ಡಾಲರಿನ ಮಾರಾಟಕ್ಕೆ 1,650 ಡಾಲರ್. ಸ್ಯಾನ್ ಹೋಸೆ, ಪಾಲೊ ಆಲ್ಟೊದಂಥ ನಗರಗಳು ತಮ್ಮದನ್ನೂ ಮೇಲೆ ಹಾಕುತ್ತವೆ. ಹಣ ಪಡೆಯದೆ ಸಂಗಾತಿಗೆ ಕೊಡುವಾಗ, ಸ್ವಂತ ಟ್ರಸ್ಟಿಗೆ ಹಾಕುವಾಗ ಈ ತೆರಿಗೆ ಇಲ್ಲ. ಆದರೆ ಖಾಲಿ ಬಿಡುವಂತಿಲ್ಲ. ಸೊನ್ನೆ ಎಂದು ಬರೆದು, ಯಾಕೆ ಸೊನ್ನೆ ಎಂಬುದನ್ನು ಸೆಕ್ಷನ್ ಸಮೇತ ಕಾಣಿಸಬೇಕು. ಈ ಎರಡಕ್ಕೂ ಸಾಮಾನ್ಯವಾಗಿ ಬರೆಯುವುದು ರೆವಿನ್ಯೂ ಆಂಡ್ ಟ್ಯಾಕ್ಸೇಷನ್ ಕೋಡ್ ಸೆಕ್ಷನ್ 11930. ಮನೆ ನಗರದ ಮಿತಿಯಲ್ಲಿದೆಯೋ ಹೊರಗೋ ಎಂಬ ಚೌಕಕ್ಕೂ ಗುರುತು ಹಾಕಿ.

2018ರ ಜನವರಿ 1ರಿಂದ ಎಸ್‌ಬಿ 2 ಎಂಬ ಕಾಯಿದೆಯಂತೆ ಆಸ್ತಿಯ ದಾಖಲೆಗಳ ಮೇಲೆ 75 ಡಾಲರಿನ ಹೆಚ್ಚುವರಿ ಶುಲ್ಕ ಬಂದಿದೆ. ನೀವು ವಾಸವಿರುವ ಮನೆಯನ್ನು ಅಲ್ಲೇ ವಾಸವಿರುವವರ ಹೆಸರಿಗೆ ವರ್ಗಾಯಿಸುವಾಗ ವಿನಾಯಿತಿ ಇದೆ. ಕೇಳಿದರೆ ಮಾತ್ರ ಸಿಗುವ ವಿನಾಯಿತಿ ಅದು: ಗವರ್ನ್‌ಮೆಂಟ್ ಕೋಡ್ ಸೆಕ್ಷನ್ 27388.1ರ ಅಡಿಯಲ್ಲಿ ಯಾವ ಕಾರಣಕ್ಕೆ ವಿನಾಯಿತಿ ಎಂಬುದನ್ನು ಪತ್ರದಲ್ಲೇ ಕಾಣಿಸಬೇಕು. ಬಾಡಿಗೆಗೆ ಕೊಟ್ಟ ಮನೆಯಾದರೆ ಈ ವಿನಾಯಿತಿಯಿಲ್ಲ, 75 ಡಾಲರ್ ಎತ್ತಿಡಿ.

ಇನ್ನು ಹೆಸರು. ಕನ್ನಡಿಗರು ಎಡವುವುದು ಇಲ್ಲೇ. ಮನೆ ಕೊಂಡಾಗ ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ತಂದೆಯ ಹೆಸರು ಬಿಡಿಸಿ ಬರೆದಿದ್ದು, ಡೀಡಿನಲ್ಲೂ ಹಾಗೇ ಬಂದಿರುತ್ತದೆ. ನಂತರ ನಾಗರಿಕತ್ವ ಪಡೆಯುವಾಗ ಇನಿಷಿಯಲ್ ತೆಗೆದು, ತಂದೆಯ ಹೆಸರನ್ನು ಕೊನೆಗೆ ತಂದು, ಹೆಸರು ಚಿಕ್ಕದು ಮಾಡಿಕೊಂಡಿರುತ್ತಾರೆ. ಕೆಲವರಿಗೆ ವೀಸಾದ ಕಾಲದ ಎಫ್‌ಎನ್‌ಯು (ಮೊದಲ ಹೆಸರು ತಿಳಿದಿಲ್ಲ) ಎಂಬ ಮೂರಕ್ಷರವೇ ಮೊದಲ ಹೆಸರಾಗಿ ಕೂತಿರುತ್ತದೆ. ಕೌಂಟಿಯ ಸೂಚಿ ನಡೆಯುವುದೇ ಹೆಸರಿನ ಮೇಲೆ. ಹಿಂದಿನ ಪತ್ರದಲ್ಲಿ ತೆಗೆದುಕೊಂಡವರ ಹೆಸರೂ ಈಗಿನ ಪತ್ರದಲ್ಲಿ ಕೊಡುವವರ ಹೆಸರೂ ಕೂಡದಿದ್ದರೆ ಸರಪಳಿಯ ಕೊಂಡಿ ತಪ್ಪಿತು. ನಾಳೆ ಮನೆ ಮಾರುವಾಗ ಟೈಟಲ್ ಕಂಪನಿ ತಡೆಹಿಡಿಯುವುದು ಅಲ್ಲೇ. ಹಾಗಾಗಿ ಈಗಿನ ಹೆಸರು ಬರೆದು, ಮುಂದೆ "ಇಂಥ ಹೆಸರಿನಲ್ಲಿ ಟೈಟಲ್ ಪಡೆದವರು" ಎಂಬ ಅರ್ಥದ ಇಂಗ್ಲಿಷ್ ಮಾತು ಸೇರಿಸಿ, ಹಳೆಯ ಡೀಡಿನ ಹೆಸರನ್ನು ಅಕ್ಷರ ಬಿಡದೆ ಇಳಿಸಿ. ಸಹಿಯೂ ಅದಕ್ಕೆ ಹೊಂದಬೇಕು.

ಕೊಡುವವರ ಜಾಗದಲ್ಲಿ ಈಗ ಒಡೆಯರಾಗಿರುವವರ ಹೆಸರು. ಪಡೆಯುವವರ ಜಾಗದಲ್ಲಿ ಇಬ್ಬರ ಹೆಸರೂ, ಮುಂದೆ ಒಡೆತನದ ಮಾತು. ತನ್ನಿಂದ ತನಗೂ ಸಂಗಾತಿಗೂ ಎಂದು ಬರೆಯುವುದು ವಿಚಿತ್ರವಾಗಿ ಕಂಡರೂ ಕ್ರಮ ಅದೇ. ಪಡೆಯುವವರ ಜಾಗದಲ್ಲಿ ಸಂಗಾತಿಯ ಹೆಸರೊಂದನ್ನೇ ಬರೆದರೆ ಮನೆ ಪೂರ್ತಿ ಅವರದಾಗುತ್ತದೆ. ಟ್ರಸ್ಟಿಗಾದರೆ ಪಡೆಯುವವರು ಟ್ರಸ್ಟಿಗಳು: ಇಂಥವರು, ಇಂಥ ತಾರೀಖಿನ ಇಂಥ ಟ್ರಸ್ಟಿನ ಟ್ರಸ್ಟಿಗಳಾಗಿ, ಎಂದು ಬರೆಯಬೇಕು.

ಕೊನೆಗೆ ಚೆಕ್ಕುಬಂದಿ. ಊರಿನಲ್ಲಿ ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಬರೆಯುವಂತೆ ಇಲ್ಲಿ ಲಾಟ್ ಸಂಖ್ಯೆ, ಟ್ರಾಕ್ಟ್ ಸಂಖ್ಯೆ, ಆ ನಕ್ಷೆ ಕೌಂಟಿಯ ಯಾವ ಮ್ಯಾಪ್ ಪುಸ್ತಕದ ಯಾವ ಪುಟದಲ್ಲಿದೆ ಎಂಬುದು ಬರುತ್ತದೆ. ಬೀದಿಯ ವಿಳಾಸವಾಗಲಿ, ಎ.ಪಿ.ಎನ್. ಆಗಲಿ ಇದರ ಬದಲಿಗೆ ನಿಲ್ಲದು. ಹಳೆಯ ಡೀಡಿನಿಂದ ಅಲ್ಪವಿರಾಮವೂ ಬಿಡದೆ ಇಳಿಸಬೇಕು. ಕಾಂಡೋ, ಟೌನ್‌ಹೌಸ್ ಆದರೆ ಇದೇ ಒಂದೆರಡು ಪುಟ ಹೋಗುತ್ತದೆ. ಅಂಥ ಕಡೆ ಹಳೆಯ ಡೀಡಿನ ಆ ಪುಟದ ಸ್ಪಷ್ಟ ಪ್ರತಿಯನ್ನೇ ಎಕ್ಸಿಬಿಟ್ ಎ ಎಂದು ಲಗತ್ತಿಸುವುದು ಕ್ಷೇಮ. ಒಬ್ಬರು ಹಳೆಯದನ್ನು ಗಟ್ಟಿಯಾಗಿ ಓದಿ, ಇನ್ನೊಬ್ಬರು ಹೊಸದರ ಮೇಲೆ ಬೆರಳಿಟ್ಟು ತಾಳೆ ನೋಡಿ. ಒಂಟಿಯಾಗಿ ಕಣ್ಣಾಡಿಸಿದರೆ ಟ್ರಾಕ್ಟ್ ಸಂಖ್ಯೆಯ ಅದಲುಬದಲು ಗೊತ್ತಾಗುವುದಿಲ್ಲ.

ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನು ಎಲ್ಲೂ ಬರೆಯಬೇಡಿ. ದಾಖಲಾದ ಪತ್ರವನ್ನು ಯಾರು ಬೇಕಾದರೂ ನೋಡಬಹುದು.

ನೋಟರಿ

ಸಹಿ ಹಾಕಬೇಕಾದದ್ದು ಕೊಡುವವರು. ಮನೆಯಲ್ಲೇ ಸಹಿ ಹಾಕಿಬಿಡಬೇಡಿ, ನೋಟರಿ ಎದುರಿಗೇ ಹಾಕಿ. ಡ್ರೈವಿಂಗ್ ಲೈಸೆನ್ಸ್ ಒಯ್ಯಿರಿ. ಆಸ್ತಿಯ ಪತ್ರಗಳಿಗೆ ನೋಟರಿಯ ಪುಸ್ತಕದಲ್ಲಿ ಬಲಗೈ ಹೆಬ್ಬೆರಳಿನ ಗುರುತನ್ನೂ ತೆಗೆದುಕೊಳ್ಳುತ್ತಾರೆ. ಒಂದು ಸಹಿಗೆ ಕಾನೂನಿನ ಮಿತಿ 15 ಡಾಲರ್. ಮನೆಗೆ ಬರುವ ನೋಟರಿ ಪ್ರಯಾಣದ ಖರ್ಚು ಬೇರೆ ಕೇಳಬಹುದು. ಮೊಹರು ಮಸುಕಾಗಿದ್ದರೆ, ಅಕ್ಷರದ ಮೇಲೆ ಬಿದ್ದಿದ್ದರೆ ಅಲ್ಲೇ ಇನ್ನೊಮ್ಮೆ ಹಾಕಿಸಿ. ಪ್ರತಿ ತೆಗೆದಾಗ ಓದಲಾಗದ ಮೊಹರಿನಿಂದ ಕೌಂಟಿ ಪತ್ರ ಹಿಂದಿರುಗಿಸಬಹುದು.

ಸಹಿ ಹಾಕಬೇಕಾದವರು ಕರ್ನಾಟಕದಲ್ಲಿದ್ದರೆ ಎರಡು ದಾರಿ. ಚೆನ್ನೈನ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಮಯ ಪಡೆದು ಅಲ್ಲಿನ ಅಧಿಕಾರಿಯ ಮುಂದೆ ಸಹಿ ಹಾಕಬಹುದು. ಒಂದು ಮೊಹರಿಗೆ 50 ಡಾಲರ್. ಇಲ್ಲವೇ ಊರಿನ ನೋಟರಿಯ ಮುಂದೆ ಸಹಿ ಹಾಕಿ ಅದಕ್ಕೆ ಅಪಾಸ್ಟಿಲ್, ಅಂದರೆ ಹೊರದೇಶದಲ್ಲಿ ನಡೆಯುವ ಸರ್ಕಾರಿ ದೃಢೀಕರಣ, ಮಾಡಿಸಬಹುದು, ಭಾರತ 2005ರಿಂದ ಅದರ ಅಂತಾರಾಷ್ಟ್ರೀಯ ಒಪ್ಪಂದದಲ್ಲಿದೆ. ಅಪಾಸ್ಟಿಲ್ ಇಲ್ಲದೆ ಬರೀ ಊರಿನ ನೋಟರಿಯ ಮೊಹರು ಸಾಲದು. ಪವರ್ ಆಫ್ ಅಟಾರ್ನಿ ಕೊಟ್ಟು ಕಳಿಸುವುದಾದರೆ ಅದಕ್ಕೂ ಇದೇ ಕ್ರಮ, ಮತ್ತು ಅದರ ಮೂಲಪ್ರತಿಯನ್ನೂ ಡೀಡಿನ ಜೊತೆ ದಾಖಲಿಸಿ.

ಕೌಂಟಿಗೆ ಕೊಡುವುದು

ಡೀಡಿನ ಜೊತೆ ಪ್ರಿಲಿಮಿನರಿ ಚೇಂಜ್ ಆಫ್ ಓನರ್‌ಶಿಪ್ ರಿಪೋರ್ಟ್ ಎಂಬ ನಮೂನೆಯೂ ಹೋಗಬೇಕು. ಅದಕ್ಕೆ ಸಹಿ ಪಡೆಯುವವರದ್ದು. ಇದು ರೆಕಾರ್ಡರಿಂದ ಅಸೆಸರ್ ಕಚೇರಿಗೆ ಹೋಗುತ್ತದೆ, ತೆರಿಗೆ ಮೌಲ್ಯ ಬದಲಿಸಬೇಕೋ ಬೇಡವೋ ಎಂದು ಅವರು ನೋಡುವುದು ಇದನ್ನೇ. ದಂಪತಿ ನಡುವಿನ ವರ್ಗಾವಣೆ, ಸ್ವಂತ ಟ್ರಸ್ಟ್ ಎಂಬ ಪ್ರಶ್ನೆಗಳು ಮೊದಲ ಪುಟದಲ್ಲೇ ಇವೆ. ಸರಿಯಾದ ಚೌಕಕ್ಕೆ ಗುರುತು ಬೀಳಲೇಬೇಕು. ನಮೂನೆ ಇಡದಿದ್ದರೆ 20 ಡಾಲರ್ ಹೆಚ್ಚು, ಆಮೇಲೆ ಅಸೆಸರಿಂದ ಕಾಗದ ಬರುವುದು ಬೇರೆ.

ಶುಲ್ಕ ರಾಜ್ಯದ ಕಾನೂನಿನಂತೆ ಮೊದಲ ಪುಟಕ್ಕೆ 10, ನಂತರದ ಪ್ರತಿ ಪುಟಕ್ಕೆ 3 ಡಾಲರ್. ಮೇಲೆ ಕೌಂಟಿಗಳು ಚಿಲ್ಲರೆ ಶುಲ್ಕಗಳನ್ನು ಸೇರಿಸುತ್ತವೆ. ನೋಟರಿಯ ಪುಟವನ್ನೂ ಎಣಿಸಿ, ಕೌಂಟಿಯ ಜಾಲತಾಣದ ಪಟ್ಟಿ ನೋಡಿ ಚೆಕ್ ಬರೆಯಿರಿ. ಹಣ ಕಡಿಮೆ ಬಿದ್ದರೆ ಕಂತೆ ಹಾಗೇ ಮರಳುತ್ತದೆ. ಖುದ್ದಾಗಿ ಹೋಗಲು ಸಾಧ್ಯವಿದ್ದರೆ ಹೋಗಿ ಎನ್ನುತ್ತೇನೆ. ನಮೂನೆಯ ಕೊರತೆ ಏನಿದ್ದರೂ ಕೌಂಟರಿನಲ್ಲೇ ಗೊತ್ತಾಗುತ್ತದೆ, ಅಂಚೆಯಲ್ಲಾದರೆ ಅದಕ್ಕೇ ವಾರಗಳು ಹಿಡಿಯುತ್ತವೆ. ಕಾನೂನಿನ ಸಲಹೆ ಮಾತ್ರ ಕೇಳಬೇಡಿ, ಕೊಡುವ ಅಧಿಕಾರ ಅವರಿಗಿಲ್ಲ.

ಸಹಿ ಹಾಕಿದ ಪತ್ರವನ್ನು ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ. ಕೊಟ್ಟವರು, ಪಡೆದವರ ನಡುವೆ ಅದು ಊರ್ಜಿತವೇ ಇರಬಹುದು, ಆದರೆ ಲೋಕಕ್ಕೆ ಗೊತ್ತಾಗುವುದು ದಾಖಲಾದ ಮೇಲೆ. ನಡುವೆ ಸಾಲ ಕೊಟ್ಟವರೋ ಇನ್ನೊಬ್ಬ ಖರೀದಿದಾರರೋ ವಿಷಯ ತಿಳಿಯದೆ ಬಂದು ಮೊದಲು ದಾಖಲಿಸಿಕೊಂಡರೆ ನಿಮ್ಮ ಪತ್ರ ಹಿಂದೆ ಬೀಳುತ್ತದೆ. ಟ್ರಸ್ಟಿನಲ್ಲಂತೂ ಈ ತಪ್ಪು ಸರ್ವೇಸಾಮಾನ್ಯ. ಸಾವಿರಾರು ಡಾಲರ್ ಕೊಟ್ಟು ಟ್ರಸ್ಟ್ ಮಾಡಿಸಿ, ದಪ್ಪ ಬೈಂಡರ್ ಕಪಾಟಿನಲ್ಲಿಟ್ಟು, ಮನೆಯ ಡೀಡನ್ನು ಮಾತ್ರ ಬದಲಿಸದೇ ಬಿಟ್ಟಿರುತ್ತಾರೆ. ಆಗ ಮನೆ ಟ್ರಸ್ಟಿನ ಹೊರಗೇ ಉಳಿಯಿತು. 20 ಲಕ್ಷದ ಮನೆ ಪ್ರೊಬೇಟಿಗೆ ಹೋದರೆ, ಸಾಲ ಎಷ್ಟೇ ಬಾಕಿಯಿರಲಿ, ಕಾನೂನಿನ ಕೋಷ್ಟಕದಂತೆ ವಕೀಲರ ಶುಲ್ಕ 33,000 ಡಾಲರ್‌ವರೆಗೆ ಆಗುತ್ತದೆ. ಎಸ್ಟೇಟ್ ನೋಡಿಕೊಳ್ಳುವವರೂ ಅಷ್ಟೇ ಕೇಳಬಹುದು. ನಿಮ್ಮ ಬೈಂಡರ್ ಈಗಲೇ ತೆಗೆದು, ದಾಖಲೆ ಸಂಖ್ಯೆಯಿರುವ ಡೀಡ್ ಅದರಲ್ಲಿದೆಯೇ ನೋಡಿ. ಇಲ್ಲದಿದ್ದರೆ ಟ್ರಸ್ಟ್ ಮಾಡಿಕೊಟ್ಟ ವಕೀಲರನ್ನೇ ಕೇಳಿ.

ದಾಖಲಾದ ಮೇಲೆ

ಪತ್ರ ಮರಳಿ ಬಂದಾಗ ಬಲಗಡೆಯ ಮೇಲ್ತುದಿಯಲ್ಲಿ ಸಂಖ್ಯೆ, ತಾರೀಖು, ಹೊತ್ತು ಇರುತ್ತವೆ. ಆ ಸಂಖ್ಯೆಯನ್ನು ಇಬ್ಬರೂ ಬರೆದಿಟ್ಟುಕೊಳ್ಳಿ. ಕೌಂಟಿಯ ಸೂಚಿಯಲ್ಲಿ ಇಬ್ಬರ ಹೆಸರೂ ಬಂದಿದೆಯೇ, ಕಾಗುಣಿತ ಸರಿಯಿದೆಯೇ ಹುಡುಕಿ ನೋಡಿ. ಮನೆಯ ವಿಮೆ ಕಂಪನಿಗೆ ಹೊಸ ಒಡೆತನ ತಿಳಿಸಿ. ಮುಂದಿನ ತೆರಿಗೆ ಬಿಲ್ಲಿನಲ್ಲಿ ಮೌಲ್ಯ ಇದ್ದಕ್ಕಿದ್ದಂತೆ ಏರಿದ್ದರೆ ಹಾಗೇ ಕಟ್ಟಿ ಸುಮ್ಮನಾಗಬೇಡಿ, ಅಸೆಸರ್ ಕಚೇರಿಗೆ ಹೋಗಿ ವಿನಾಯಿತಿ ಕೇಳಿ.

ಕೆಲವು ದಿನಗಳಲ್ಲಿ ಸರ್ಕಾರದ್ದೇ ಎಂಬಂತೆ ಕಾಣುವ ಕಾಗದಗಳು ಬರತೊಡಗುತ್ತವೆ. ನಿಮ್ಮ ಡೀಡಿನ ಪ್ರತಿಗೆ ನೂರು ಡಾಲರಿನ ಆಸುಪಾಸು ಕಳಿಸಿ ಎಂದು ಕೊನೆಯ ದಿನಾಂಕದ ಸಮೇತ ಬರೆದಿರುತ್ತಾರೆ. ಇವು ಖಾಸಗಿಯವರು ಸಾರ್ವಜನಿಕ ದಾಖಲೆ ನೋಡಿ ಕಳಿಸುವ ಪತ್ರಗಳು. ಸಣ್ಣ ಅಕ್ಷರದಲ್ಲಿ ತಾವು ಸರ್ಕಾರದವರಲ್ಲ ಎಂದು ಬರೆದಿರುವುದೂ ಉಂಟು. ಮೂಲಪತ್ರ ನಿಮ್ಮ ಕೈಯಲ್ಲೇ ಇದೆ, ಪ್ರತಿ ಬೇಕಾದರೆ ಕೌಂಟಿಯಲ್ಲಿ ಕೆಲವು ಡಾಲರಿಗೆ ಸಿಗುತ್ತದೆ. ಅಪ್ಪ ಅಮ್ಮ ಊರಿನಿಂದ ಬಂದು ಮನೆಯಲ್ಲಿದ್ದರೆ, ಅಂಚೆ ತೆಗೆಯುವವರು ಅವರೇ ಆಗಿದ್ದರೆ, ಇಂಥ ಕಾಗದಕ್ಕೆ ದುಡ್ಡು ಕಳಿಸಬೇಡಿ ಎಂದು ಹೇಳಿಡಿ.

ತಪ್ಪು ಕಣ್ಣಿಗೆ ಬಿದ್ದರೆ ದಾಖಲಾದ ಹಾಳೆಯ ಮೇಲೆ ಪೆನ್ನು ಆಡಿಸಬೇಡಿ. ಅಕ್ಷರದೋಷ, ಸಂಖ್ಯೆಯ ದೋಷಗಳಿಗೆ ಸರಿಪಡಿಸಿದ ಡೀಡನ್ನು, ಯಾವ ದಾಖಲೆಯನ್ನು ಯಾಕೆ ತಿದ್ದುತ್ತಿದ್ದೀರಿ ಎಂದು ಮೊದಲ ಪುಟದಲ್ಲಿ ಕಾಣಿಸಿ, ಮತ್ತೆ ಸಹಿ, ಮತ್ತೆ ನೋಟರಿ ಮಾಡಿಸಿ ದಾಖಲಿಸಬಹುದು. ಆದರೆ ಒಬ್ಬರ ಹೆಸರೇ ಬಿಟ್ಟುಹೋಗಿದ್ದರೆ, ಬೇರೆ ಲಾಟ್ ಬರೆದಿದ್ದರೆ, ಒಡೆತನದ ಮಾತು ತಪ್ಪಿದ್ದರೆ ಅದು ವಕೀಲರ ಕೆಲಸ, ಅದೂ ಸಹಿ ಹಾಕಬೇಕಾದವರೆಲ್ಲ ಆರೋಗ್ಯವಾಗಿ ಇರುವಾಗಲೇ.